‘ಜಾಸ್ತಿಯಾಯಿತಲ್ಲ’: ಗುತ್ತಿಗೆಯವನೂ ಗಿರಾಕಿಯ ಆಕ್ಷೇಪವೂ

ಮೈಸೂರಿನ ಒಂದು ಹೊಸ ಬಡಾವಣೆಯಲ್ಲಿ, ಮೂವತ್ತಕ್ಕೆ ನಲವತ್ತರ ನಿವೇಶನವೊಂದರ ಅಂಚಿನಲ್ಲಿ ನಿಂತು, ಮನೆ ಕಟ್ಟಿಸಬೇಕೆಂದಿದ್ದ ಹಿರಿಯ ಗೃಹಿಣಿಯೊಬ್ಬರ ಕೈಗೆ ಕಟ್ಟಡದ ಮೇಸ್ತ್ರಿಯೊಬ್ಬನು ತನ್ನ ಲೆಕ್ಕದ ಹಾಳೆಯನ್ನು ಕೊಟ್ಟುದನ್ನು ನಾನು ಹಿಂದೊಮ್ಮೆ ಪಕ್ಕದಲ್ಲಿದ್ದು ನೋಡಿದೆನು. ಆಕೆ ಹಾಳೆಯ ಕೊನೆಯ ಮೊತ್ತವನ್ನು ಮಾತ್ರ ಓದಿ, “ಚದರಕ್ಕೆ ಇಷ್ಟು ಅಂದ್ರೆ ಜಾಸ್ತಿಯಾಯಿತಲ್ಲಪ್ಪಾ, ಹಿಂದಿನ ರಸ್ತೆಯೋರು ಕಮ್ಮಿಗೇ ಮಾಡ್ಕೊಡ್ತಾರಂತೆ” ಎಂದರು. ಮೇಸ್ತ್ರಿಯು ದರದ ಮಾತನ್ನೇ ಎತ್ತದೆ, “ಅಮ್ಮಾವ್ರೆ, ಅವ್ರು ಕಂಬಿ ಯಾವ ಸೈಜು ಹಾಕ್ತಾರೆ, ಮೋಲ್ಡಿಗೆ ಎಷ್ಟು ದಿನ ನೀರು ಹೊಡೀತಾರೆ ಅಂತ ಕೇಳಿದ್ರಾ?” ಎಂದನು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದಲ್ಲಪ್ಪ, ಅರ್ಧಕ್ಕೇ ಬಿಟ್ಟು ಹೋದ್ರೆ ನಾನೇನು ಮಾಡ್ಲಿ? ನಮ್ಮಕ್ಕನ ಮನೇಲಿ ಹಂಗೇ ಆಯ್ತು” ಎಂದರು. ದರದ ವಿಷಯವಾಗಿ ಹೊರಟ ಆಕ್ಷೇಪವು ಎರಡು ಮಾತು ಮುಗಿಯುವಷ್ಟರಲ್ಲಿ ಭಯದ ವಿಷಯವಾಗಿತ್ತು.

ಆ ಭಯವೂ ಅದಕ್ಕೆ ಕೊಡತಕ್ಕ ಉತ್ತರವೂ ಈ ಲೇಖನದ ವಿಷಯ. ಯಾರ ಕೈಕೆಳಗೂ ತಿಂಗಳ ಸಂಬಳಕ್ಕೆ ನಿಲ್ಲದೆ, ಇಂಥ ಕೆಲಸಕ್ಕೆ ಇಷ್ಟೆಂದು ಒಪ್ಪಿಕೊಂಡು ಮುಗಿಸಿಕೊಡುವ ಕಂಟ್ರಾಕ್ಟರು, ಬಡಗಿ, ಅನುವಾದಕ, ಚಿತ್ರಗಾರ, ಕಂಪ್ಯೂಟರಿನ ಪ್ರೋಗ್ರಾಮು ಬರೆಯುವಾತ, ಇವರೆಲ್ಲರೂ ಈ ದೃಷ್ಟಿಯಿಂದ ಒಂದೇ ಪಂಕ್ತಿಯವರು. 1956ರಲ್ಲಿ, ಧ್ರಾಂಗಧ್ರಾ ಕೆಮಿಕಲ್ ವರ್ಕ್ಸಿನ ಮೊಕದ್ದಮೆಯಲ್ಲಿ, ಸೌರಾಷ್ಟ್ರದ ಉಪ್ಪಿನ ಮಡಿಗಳಲ್ಲಿ ದುಡಿಯುತ್ತಿದ್ದ ಅಗರಿಯಾ ಜನರು ಕಾರ್ಮಿಕರೋ ಸ್ವತಂತ್ರ ಗುತ್ತಿಗೆದಾರರೋ ಎಂಬುದನ್ನು ವಿಚಾರಿಸಿದ ನಮ್ಮ ಸರ್ವೋಚ್ಚ ನ್ಯಾಯಾಲಯವು, ಯಾವ ಕೆಲಸ ಆಗಬೇಕೆಂಬುದನ್ನಷ್ಟೇ ಅಲ್ಲದೆ ಆ ಕೆಲಸ ಹೇಗೆ ನಡೆಯಬೇಕೆಂಬುದನ್ನೂ ವಿಧಿಸುವ ಅಧಿಕಾರ ಯಾರಲ್ಲಿದೆ ಎಂಬುದನ್ನು ಮುಖ್ಯ ಲಕ್ಷಣವಾಗಿ ಹಿಡಿದು, ಅಗರಿಯಾಗಳು ಕಾರ್ಮಿಕರೇ ಎಂದು ನಿರ್ಣಯಿಸಿತು. ಈ ಲಕ್ಷಣವನ್ನು ಮಗುಚಿ ನೋಡಿದರೆ ನಮ್ಮ ಪ್ರಶ್ನೆಯ ಬೇರು ಕಾಣುತ್ತದೆ. ‘ಹೇಗೆ’ ಎಂಬುದು ತನ್ನ ವಶದಲ್ಲಿರುವವನೇ ಸ್ವತಂತ್ರ ಗುತ್ತಿಗೆದಾರ. ಎಂದ ಮೇಲೆ ಅವನ ಗಿರಾಕಿಯು ಹಣ ಕೊಡುವುದು ತನ್ನ ಹಿಡಿತದಲ್ಲಿಲ್ಲದ, ಇನ್ನೂ ಕಣ್ಣಿಗೆ ಕಾಣದ ಒಂದು ಕ್ರಿಯೆಗೆ. ಆಕ್ಷೇಪವು ಹುಟ್ಟುವುದು ಅಲ್ಲಿ. ಅದನ್ನು ಮಾತಿನಿಂದ ಗೆಲ್ಲಬೇಕೆ, ಹುಟ್ಟದಂತೆ ತಡೆಯಬೇಕೆ, ಕರಾರಿನಿಂದ ಪರಿಹರಿಸಬೇಕೆ, ಅಥವಾ ಗಿರಾಕಿಯು ‘ಬೇಡ’ ಎನ್ನುವುದನ್ನೇ ಗೌರವಿಸಿ ಎದ್ದು ಬರಬೇಕೆ ಎಂಬ ವಿಷಯದಲ್ಲಿ ಸುಮಾರು ನೂರ ಮೂವತ್ತು ವರ್ಷಗಳಿಂದ ಬೇರೆ ಬೇರೆ ಪಂಥಗಳು ಬೆಳೆದು ಬಂದಿವೆ.

ಆಕ್ಷೇಪಕ್ಕೆ ಮುಂಚಿನ ಕಾಲ

ಪ್ರಾಚೀನರಿಗೆ ಈ ಸಂಶಯ ತಿಳಿಯದೆ ಇರಲಿಲ್ಲ. ಅದಕ್ಕೆ ಉತ್ತರ ಹೇಳುವ ಹೊಣೆಯನ್ನು ಅವರು ಕಸುಬುದಾರನ ನಾಲಗೆಗೆ ಬಿಡಲಿಲ್ಲವೆಂಬುದೇ ವಿಶೇಷ. ಕ್ರಿಸ್ತಪೂರ್ವ ಹದಿನೆಂಟನೆಯ ಶತಮಾನದ ಹಮ್ಮುರಾಬಿಯ ಶಾಸನವು ಮನೆ ಕಟ್ಟುವವನ ಕೂಲಿಯನ್ನು ‘ಸಾರ್’ ಎಂಬ ಅಳತೆಯೊಂದಕ್ಕೆ ಎರಡು ಶೆಕೆಲ್ ಬೆಳ್ಳಿಯೆಂದು ನಿಗದಿ ಮಾಡಿ, ಗೋಡೆ ವಾಲಿದರೆ ತನ್ನ ಬೆಳ್ಳಿಯಿಂದಲೇ ಅದನ್ನು ಭದ್ರಪಡಿಸಿಕೊಡತಕ್ಕದ್ದೆಂದೂ, ಮನೆ ಬಿದ್ದು ಯಜಮಾನನು ಸತ್ತರೆ ಕಟ್ಟಿದವನಿಗೆ ಮರಣದಂಡನೆಯೆಂದೂ ವಿಧಿಸಿತು. ದರದ ಆಕ್ಷೇಪಕ್ಕೂ ಭದ್ರತೆಯ ಆಕ್ಷೇಪಕ್ಕೂ ಅರಸನೇ ಮುಂಗಡವಾಗಿ ಉತ್ತರ ಕೊಟ್ಟಂತಾಯಿತು.

ನಮ್ಮಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವಿದೆ. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಅದರ ಓಲೆಯ ಪ್ರತಿಯನ್ನು 1905ರಲ್ಲಿ ಗುರುತಿಸಿ, 1909ರಲ್ಲಿ ಮುದ್ರಿಸಿ ಲೋಕಕ್ಕೆ ಕೊಟ್ಟವರು ಆರ್. ಶಾಮಶಾಸ್ತ್ರಿಗಳು. ಅದರ ನಾಲ್ಕನೆಯ ಅಧಿಕರಣವು ಆರಂಭವಾಗುವುದೇ ಕಾರುಕರ, ಎಂದರೆ ಕುಶಲಕರ್ಮಿಗಳ, ವಿಷಯದಿಂದ. ಕೆಲಸದ ಕಾಲ, ಸ್ಥಳ, ಸ್ವರೂಪ ಈ ಮೂರನ್ನೂ ಗೊತ್ತುಮಾಡಿಕೊಂಡಂತೆ ಅವರು ನಡೆಯತಕ್ಕದ್ದು. ಹಾಗೆ ಗೊತ್ತಾಗಿರಲಿಲ್ಲವೆಂದು ನೆಪ ಹೇಳಿ ಕೆಲಸವನ್ನು ಮುಂದೂಡಿದವನು, ವಿಪತ್ತಿನ ಸಂದರ್ಭವನ್ನುಳಿದು, ಕೂಲಿಯ ಕಾಲು ಭಾಗವನ್ನು ಕಳೆದುಕೊಳ್ಳುವುದಲ್ಲದೆ ಅದರ ಎರಡರಷ್ಟು ದಂಡವನ್ನೂ ತೆರಬೇಕು. ಕಾಲ, ಸ್ಥಳ, ಸ್ವರೂಪ ಎಂಬ ಈ ಮೂರು ಪದಗಳನ್ನು ಇಂದಿನ ಯಾವ ಕರಾರು ಪತ್ರದ ತಲೆಯಲ್ಲಿ ಬರೆದರೂ ಹೊಂದುತ್ತದೆ.

ನಮ್ಮ ಹಳ್ಳಿಗಳ ಆಯಗಾರರ ಪದ್ಧತಿಯಲ್ಲಂತೂ ಆಕ್ಷೇಪಕ್ಕೆ ಅವಕಾಶವೇ ವಿರಳ. ಕಮ್ಮಾರನೂ ಬಡಗಿಯೂ ವರ್ಷವಿಡೀ ಊರಿನ ಕೆಲಸ ಮಾಡಿ ಸುಗ್ಗಿಯಲ್ಲಿ ಕಣದಿಂದ ತಮ್ಮ ಪಾಲಿನ ಧಾನ್ಯವನ್ನು ಒಯ್ಯುತ್ತಿದ್ದ ಏರ್ಪಾಡಿನಲ್ಲಿ, ನೇಗಿಲಿನ ಗುಳವೊಂದಕ್ಕೆ ಎಷ್ಟೆಂದು ಯಾರೂ ಚೌಕಾಸಿ ಮಾಡುವ ಹಾಗಿರಲಿಲ್ಲ; ಕೆಲಸ ಕೆಟ್ಟರೆ ಕೆಡಿಸಿದವನು ಮರುದಿನವೂ ಅದೇ ಊರಿನಲ್ಲಿ ಮುಖ ತೋರಿಸಬೇಕಾಗಿತ್ತು. ಆ ಏರ್ಪಾಡಿನಲ್ಲಿ ಸ್ವಾತಂತ್ರ್ಯವೂ ಇರಲಿಲ್ಲವೆಂಬುದನ್ನು, ತನ್ನ ಕಸುಬನ್ನಾಗಲಿ ಗಿರಾಕಿಯನ್ನಾಗಲಿ ಆರಿಸಿಕೊಳ್ಳುವ ಹಕ್ಕು ಆಯಗಾರನಿಗೆ ಇರಲಿಲ್ಲವೆಂಬುದನ್ನು, ಮರೆತು ಅದನ್ನು ಕೊಂಡಾಡುವುದು ತಪ್ಪಾದೀತು. ಅಪರಿಚಿತನು ಅಪರಿಚಿತನಿಗೆ ಕೆಲಸ ಕೊಡುವ ನಗರಜೀವನ ಬಂದ ಮೇಲೆಯೇ ‘ನಿಮ್ಮನ್ನು ಹೇಗೆ ನಂಬಲಿ?’ ಎಂಬ ಪ್ರಶ್ನೆಗೆ ಕಸುಬುದಾರನು ತಾನೇ ನಿಂತು ಉತ್ತರ ಹೇಳಬೇಕಾಯಿತು.

ಉತ್ತರವನ್ನು ಕಂಠಪಾಠ ಮಾಡಿದವರು

ಈ ಉತ್ತರ ಹೇಳುವ ಕೆಲಸವನ್ನು ಶಾಸ್ತ್ರವಾಗಿ ಮಾಡಲು ಮೊದಲು ಯತ್ನಿಸಿದವರು ಯಂತ್ರ ಮಾರುವವರು. ಅಮೆರಿಕದ ಒಹಾಯೋ ಪ್ರಾಂತದ ಡೇಟನ್ ನಗರದ ಪಾನಗೃಹದ ಮಾಲೀಕ ಜೇಮ್ಸ್ ರಿಟಿ ಎಂಬಾತನು, ತನ್ನ ನೌಕರರು ಹಣ ಎತ್ತಿಡುವುದನ್ನು ತಡೆಯಲೆಂದು 1879ರಲ್ಲಿ ಹಣ ಎಣಿಸುವ ಯಂತ್ರವನ್ನು ನಿರ್ಮಿಸಿದನು. ಆ ಉದ್ಯಮವನ್ನು 1884ರಲ್ಲಿ ಕೊಂಡು ನ್ಯಾಷನಲ್ ಕ್ಯಾಶ್ ರಿಜಿಸ್ಟರ್ ಕಂಪನಿಯನ್ನಾಗಿ ಬೆಳೆಸಿದ ಜಾನ್ ಪ್ಯಾಟರ್ಸನ್‌ನಿಗೆ ಒಂದು ತೊಡಕು ಎದುರಾಯಿತು: ಅಂಗಡಿಯ ನೌಕರರಿಗೆ ಆ ಯಂತ್ರವು ತಮ್ಮ ಪ್ರಾಮಾಣಿಕತೆಗೆ ಮಾಡಿದ ಅವಮಾನದಂತೆ ತೋರಿತು, ಮಾಲೀಕರಿಗೆ ಅನಾವಶ್ಯಕ ವೆಚ್ಚವೆನಿಸಿತು. ಆಗ ಪ್ಯಾಟರ್ಸನ್ನನು ತನ್ನ ಅತ್ಯುತ್ತಮ ಮಾರಾಟಗಾರನಾದ ಬಂಧು ಜೋಸೆಫ್ ಕ್ರೇನನು ಆಡುವ ಮಾತುಗಳನ್ನೇ 1887ರಲ್ಲಿ ಕೈಪಿಡಿಯಾಗಿ ಬರೆಯಿಸಿ, ಉಳಿದ ಮಾರಾಟಗಾರರು ಅದನ್ನು ಬಾಯಿಪಾಠ ಮಾಡತಕ್ಕದ್ದೆಂದು ವಿಧಿಸಿದನು. ಕ್ರಮೇಣ ಗಿರಾಕಿಗಳ ಆಕ್ಷೇಪಗಳನ್ನೆಲ್ಲ ಸಂಗ್ರಹಿಸಿ, ಪ್ರತಿಯೊಂದಕ್ಕೂ ಸಿದ್ಧವಾದ ಉತ್ತರವನ್ನು ಜೋಡಿಸಿದರು. ಮುಂದೆ ಐಬಿಎಮ್ ಕಂಪನಿಯನ್ನು ಕಟ್ಟಿದ ಥಾಮಸ್ ವಾಟ್ಸನ್ ಪಳಗಿದ್ದು ಇದೇ ಗರಡಿಯಲ್ಲಿ.

ಈ ಪಂಥದ ದೃಷ್ಟಿಯಲ್ಲಿ ಆಕ್ಷೇಪವೆಂಬುದು ದಾರಿಗಡ್ಡಲಾದ ಕಲ್ಲು. ಅದನ್ನು ಎತ್ತಿಡುವ ಸನ್ನೆಗೋಲು ಚತುರವಾದ ಮಾತು. ‘ನಿಮಗೆ ಹಾಗೆನಿಸುವುದು ಸಹಜ, ಬೇರೆಯವರಿಗೂ ಮೊದಲು ಹಾಗೆಯೇ ಅನಿಸಿತ್ತು, ಆಮೇಲೆ ಅವರು ಕಂಡುಕೊಂಡುದು ಹೀಗೆ’ ಎಂಬ ಮೂರು ಮೆಟ್ಟಿಲಿನ ಉತ್ತರವು ಇಂದಿಗೂ ವಿಮೆ ಮಾರುವವರ ಬಾಯಲ್ಲಿ ಕೇಳಿಬರುತ್ತದೆ. ಗಿರಾಕಿಗಳ ಆಕ್ಷೇಪಗಳು ನೋಡಲು ನೂರಾಗಿ ಕಂಡರೂ ವಾಸ್ತವವಾಗಿ ಬೆರಳೆಣಿಕೆಯವು, ಅವನ್ನು ಮೊದಲೇ ಯೋಚಿಸಿಟ್ಟುಕೊಂಡವನು ತಡವರಿಸುವುದಿಲ್ಲ ಎಂಬ ಅನುಭವಸತ್ಯವನ್ನು ಕಂಡುಹಿಡಿದ ಯಶಸ್ಸು ಈ ಪಂಥದ್ದೇ. ಆದರೆ ಹಣದ ಯಂತ್ರವು ಗಿರಾಕಿಯ ಮುಂದೆ ಮೇಜಿನ ಮೇಲೆ ಕುಳಿತಿರುತ್ತದೆ. ಮಾರಿದವನು ಮರುದಿನ ಇನ್ನೊಂದು ಊರಿಗೆ ಹೋದರೂ ಯಂತ್ರವು ನಡೆಯುತ್ತದೆ. ಗುತ್ತಿಗೆಯವನಿಗೆ ಮಾರುವವನೂ ತಾನೇ, ಸರಕೂ ತಾನೇ, ಮಾರಾಟದ ಮರುದಿನ ಕೆಲಸಕ್ಕೆ ಬರಬೇಕಾದವನೂ ತಾನೇ. ಮಾತಿನ ಚಮತ್ಕಾರದಿಂದ ಬಾಯಿ ಕಟ್ಟಿಸಿಕೊಂಡ ಗಿರಾಕಿಯು ಆ ಸಂಶಯವನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಆರು ತಿಂಗಳು ಅವನ ಜೊತೆಯಲ್ಲಿ ವ್ಯವಹರಿಸುವನು, ಮತ್ತು ಪ್ರತಿಯೊಂದು ಕಂತಿನ ಹಣವನ್ನು ಕೊಡುವಾಗಲೂ ಆ ಸಂಶಯವನ್ನು ಹೊರತೆಗೆಯುವನು. ಆದಕಾರಣ ಈ ಪಂಥವನ್ನು ಸ್ವತಂತ್ರ ಕಸುಬುದಾರನು ಹಾಗೆಯೇ ಎರವಲು ತರುವುದು ಅಪಾಯವೆಂದು ನನ್ನ ದೃಢವಾದ ಅಭಿಪ್ರಾಯ.

ಹುಟ್ಟದಂತೆ ನೋಡಿಕೊಳ್ಳುವವರು

ಮೇಲಣ ಪಂಥದ ಬುಡವನ್ನೇ ಅಲುಗಿಸಿದುದು ಇಂಗ್ಲೆಂಡಿನ ನೀಲ್ ರಾಕ್‌ಹ್ಯಾಮ್ ಎಂಬ ಮನಶ್ಶಾಸ್ತ್ರಜ್ಞನ ಸಂಶೋಧನೆ. ಆತನೂ ಸಂಗಡಿಗರೂ ಹನ್ನೆರಡು ವರ್ಷಗಳ ಕಾಲ ಮೂವತ್ತೈದು ಸಾವಿರ ಮಾರಾಟದ ಭೇಟಿಗಳನ್ನು ಪರಿಶೀಲಿಸಿ, 1988ರಲ್ಲಿ ಪುಸ್ತಕರೂಪವಾಗಿ ಪ್ರಕಟಿಸಿದ ಮುಖ್ಯ ತೀರ್ಮಾನವೆಂದರೆ, ಹೆಚ್ಚಿನ ಆಕ್ಷೇಪಗಳನ್ನು ಹುಟ್ಟಿಸುವವನು ಗಿರಾಕಿಯಲ್ಲ, ಮಾರುವವನು ಎಂಬುದು. ಗಿರಾಕಿಯ ಅಗತ್ಯವೇನೆಂದು ತಿಳಿಯುವ ಮೊದಲೇ ತನ್ನ ಸರಕಿನ ಗುಣಗಳನ್ನು ಎಣಿಸತೊಡಗಿದರೆ, ಕೇಳುವವನ ಮನಸ್ಸಿನಲ್ಲಿ ‘ಇಷ್ಟೆಲ್ಲ ಇದ್ದ ಮೇಲೆ ಬೆಲೆ ಎಷ್ಟಿರಬಹುದು, ಇದೆಲ್ಲ ನನಗೇಕೆ?’ ಎಂಬ ತಕರಾರು ತಾನಾಗಿ ಮೂಡುತ್ತದೆ. ಮೊದಲು ಪರಿಸ್ಥಿತಿಯನ್ನು, ಆಮೇಲೆ ತೊಂದರೆಯನ್ನು, ಅನಂತರ ಆ ತೊಂದರೆಯಿಂದಾಗುವ ನಷ್ಟವನ್ನು ಕೇಳಿ ತಿಳಿದು, ಪರಿಹಾರದ ಬೆಲೆಯನ್ನು ಗಿರಾಕಿಯ ಬಾಯಿಂದಲೇ ಹೇಳಿಸಿದರೆ ಆಕ್ಷೇಪಗಳು ಕಡಮೆಯಾಗುತ್ತವೆ ಎಂದು ಆತನ ಬೋಧೆ.

ನಮ್ಮ ಶಾಸ್ತ್ರಕಾರರ ಪರಿಪಾಟಿಯಲ್ಲಿ ಇದಕ್ಕಿಂತಲೂ ಧೈರ್ಯದ ಒಂದು ಮಾರ್ಗವಿದೆಯೆಂದು ನನಗೆ ತೋರುತ್ತದೆ. ಭಾಷ್ಯಕಾರನು ತನ್ನ ಸಿದ್ಧಾಂತವನ್ನು ಹೇಳುವುದಕ್ಕೆ ಮುಂಚೆ ಪೂರ್ವಪಕ್ಷವನ್ನು, ಎದುರಾಳಿಯೂ ಅಷ್ಟು ಬಲವಾಗಿ ಹೇಳಲಾರನೆಂಬಂತೆ, ತಾನೇ ಮಂಡಿಸುವನು. ತನ್ನ ದರಪಟ್ಟಿಯಲ್ಲಿಯೇ ‘ನಾನು ಒಬ್ಬನೇ ಕೆಲಸ ಮಾಡುವವನು; ಕಾಯಿಲೆ ಬಿದ್ದರೆ ಹೀಗೆ ಏರ್ಪಾಡು’ ಎಂದು ಮೊದಲೇ ಬರೆಯುವ ಅನುವಾದಕನು ಇದೇ ದಾರಿಯವನು. ಹೀಗೆ ಬರೆದಲ್ಲಿ ಆಕ್ಷೇಪವು ಹುಟ್ಟದೆ ಹೋಗುವುದಿಲ್ಲ. ಹುಟ್ಟಿದರೂ ಅದು ಗುಟ್ಟಾಗಿ ಉಳಿಯುವುದಿಲ್ಲ.

ಸಂಶಯದ ಅರ್ಥಶಾಸ್ತ್ರ

ಮೂರನೆಯ ಪಂಥವು ಮಾರಾಟಗಾರರಿಂದ ಬಂದುದಲ್ಲ, ಅರ್ಥಶಾಸ್ತ್ರಜ್ಞರಿಂದ ಬಂದುದು. ಗುತ್ತಿಗೆಯವನ ಕೆಲಸಕ್ಕೆ ಅತ್ಯಂತ ಸಮೀಪವಾದುದೂ ಇದೇ ಎಂದು ನಾನು ಭಾವಿಸಿರುವುದರಿಂದ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. 1970ರಲ್ಲಿ ಜಾರ್ಜ್ ಆಕರ್‌ಲಾಫ್ ಎಂಬ ಪಂಡಿತನು ಹಳೆಯ ಕಾರುಗಳ ಸಂತೆಯನ್ನು ನಿದರ್ಶನವಾಗಿಟ್ಟುಕೊಂಡು ಒಂದು ಪ್ರಬಂಧ ಬರೆದನು. ಕಾರಿನ ದೋಷ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ತಿಳಿಯದು. ತಿಳಿಯದ ಕಾರಣ ಆತನು ಸರಾಸರಿ ಬೆಲೆಯನ್ನಷ್ಟೇ ಕೊಡಲು ಸಿದ್ಧನಾಗುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನವರು ಮಾರಲೊಲ್ಲದೆ ಸಂತೆಯಿಂದ ಹೊರಟುಹೋಗುತ್ತಾರೆ. ಉಳಿಯುವುದು ಕೆಟ್ಟ ಕಾರುಗಳೇ. ಮೂರು ವರ್ಷಗಳ ತರುವಾಯ ಡಾರ್ಬಿ ಮತ್ತು ಕಾರ್ನಿ ಎಂಬಿಬ್ಬರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕೆಲವು ಸೇವೆಗಳ ಗುಣವು ಕೊಂಡು ಅನುಭವಿಸಿದ ಮೇಲೂ ಗಿರಾಕಿಗೆ ತಿಳಿಯುವುದಿಲ್ಲವೆಂದು ತೋರಿಸಿದರು. ಕಾಂಕ್ರೀಟಿನೊಳಗಿನ ಕಂಬಿ ಇಂಥದು. ಗೋಡೆಯೊಳಗಿನ ವಿದ್ಯುತ್ತಿನ ತಂತಿ, ತಿಳಿಯದ ಭಾಷೆಗೆ ಮಾಡಿಸಿದ ಅನುವಾದ, ಪ್ರೋಗ್ರಾಮಿನೊಳಗಿನ ಭದ್ರತೆ, ಎಲ್ಲವೂ ಇಂಥವೇ.

ಹೀಗೆ ನೋಡಿದಾಗ ‘ಜಾಸ್ತಿಯಾಯಿತಲ್ಲ’ ಎಂಬ ಮಾತು ಜಿಪುಣತನದ ಲಕ್ಷಣವಾಗಿ ಕಾಣುವುದಿಲ್ಲ. ಒಳ್ಳೆಯವನನ್ನೂ ಕೆಟ್ಟವನನ್ನೂ ಬೇರ್ಪಡಿಸಿ ತಿಳಿಯಲಾರದವನು, ತನ್ನ ನಷ್ಟವನ್ನು ಕಡಮೆ ಮಾಡಿಕೊಳ್ಳಲು ತನ್ನ ಕೈಯಲ್ಲಿರುವ ಒಂದೇ ಉಪಾಯವನ್ನು ಹೂಡುತ್ತಾನೆ, ಅಷ್ಟೆ. ಈ ಸಂಗತಿ ನನಗೆ ತಿಳಿದುದು ಪುಸ್ತಕದಿಂದಲ್ಲ. ಅನುವಾದದಿಂದಲೇ ಜೀವನ ನಡೆಸುತ್ತಿದ್ದ ಕಾಲದಲ್ಲಿ, ಒಂದು ಸಂಸ್ಥೆಯವರು ತಮ್ಮ ಯಂತ್ರದ ಕೈಪಿಡಿಯನ್ನು ಕನ್ನಡಕ್ಕೆ ಮಾಡಿಸಲು ನನ್ನನ್ನು ಕರೆಯಿಸಿ, ನಾನು ಪುಟಕ್ಕೆ ಹೇಳಿದ ದರ ಹೆಚ್ಚಾಯಿತೆಂದರು. ಕೆಲಸ ಕೈತಪ್ಪೀತೆಂಬ ಆತುರದಲ್ಲಿ ನಾನು ಕುಳಿತಲ್ಲಿಯೇ ಕಾಲುಭಾಗ ಇಳಿಸಿದೆನು. ಅವರು ಮತ್ತೆ ಕರೆಯಲಿಲ್ಲ. ಬಹಳ ದಿನಗಳ ಮೇಲೆ ಆ ಸಂಸ್ಥೆಯ ಅಧಿಕಾರಿಯೊಬ್ಬರು ಬೇರೆ ಕಡೆ ಸಿಕ್ಕಿ, ಹಿಂದಿನ ಅನುವಾದಕನು ಮೂರು ತಿಂಗಳು ತಡಮಾಡಿ ಅವರನ್ನು ಕಷ್ಟಕ್ಕೆ ಗುರಿಮಾಡಿದ್ದನೆಂದೂ, ತಮಗೆ ಬೇಕಾಗಿದ್ದುದು ತಾರೀಕಿನ ಭರವಸೆಯೆಂದೂ, ನಾನು ಅಷ್ಟು ಸುಲಭವಾಗಿ ದರ ಇಳಿಸಿದುದನ್ನು ನೋಡಿ ಮೊದಲಿನ ದರಕ್ಕೆ ಲೆಕ್ಕವೇ ಇರಲಿಲ್ಲವೆಂದು ಭಾವಿಸಿದೆವೆಂದೂ ಮುಚ್ಚುಮರೆಯಿಲ್ಲದೆ ಹೇಳಿದರು. ಬೆಲೆಯ ಇಳಿಕೆಯಿಂದ ನಾನು ಕೊಟ್ಟುದು ಉತ್ತರವಲ್ಲ, ಇನ್ನೊಂದು ಆಕ್ಷೇಪದ ಕಾರಣ.

ಹಾಗಾದರೆ ನಂಬಿಕೆಗೆ ಗುರುತು ಯಾವುದು? ಇದೇ ಸುಮಾರಿಗೆ, 1973ರಲ್ಲಿ, ಮೈಕೇಲ್ ಸ್ಪೆನ್ಸ್ ಕೊಟ್ಟ ಉತ್ತರವು ಬಹು ಸರಳವಾದುದು: ಸಮರ್ಥನಿಗೆ ಅಗ್ಗವೂ ಅಸಮರ್ಥನಿಗೆ ದುಬಾರಿಯೂ ಆದ ಕ್ರಿಯೆ ಮಾತ್ರ ನಂಬತಕ್ಕ ಗುರುತು. ‘ನಾನು ಪ್ರಾಮಾಣಿಕ’ ಎಂಬ ಮಾತು ಇಬ್ಬರಿಗೂ ಅಗ್ಗ. ಆದುದರಿಂದ ಅದಕ್ಕೆ ಬೆಲೆಯಿಲ್ಲ. ‘ಒಂದು ಮಳೆಗಾಲ ಕಳೆಯುವ ತನಕ ಕೊನೆಯ ಕಂತು ನಿಮ್ಮಲ್ಲಿಯೇ ಇರಲಿ, ತಾರಸಿ ಸೋರಿದರೆ ನನ್ನ ಖರ್ಚಿನಲ್ಲಿ ಸರಿಪಡಿಸುತ್ತೇನೆ’ ಎಂಬ ಕರಾರು ಒಳ್ಳೆಯ ಮೇಸ್ತ್ರಿಗೆ ಭಾರವಲ್ಲ, ಕೆಟ್ಟವನಿಗೆ ಹೊರಲಾರದ ಭಾರ. ಪಾಯ, ಲಿಂಟಲ್ಲು, ಮೋಲ್ಡು, ಗಿಲಾವು ಎಂದು ಹಂತಹಂತವಾಗಿ ಹಣ ಪಡೆಯುವ ನಮ್ಮ ಕಟ್ಟಡದವರ ಹಳೆಯ ಪದ್ಧತಿಯಲ್ಲಿ ಈ ತತ್ತ್ವವು ಯಾವ ಪಂಡಿತನೂ ಹೇಳಿಕೊಡುವ ಮೊದಲೇ ಅಡಗಿದ್ದಿತು: ಎಲ್ಲಿಯೇ ಕೆಲಸ ನಿಂತರೂ ಗಿರಾಕಿಯ ನಷ್ಟವು ಒಂದು ಹಂತವನ್ನು ಮೀರದು, ಮೇಸ್ತ್ರಿಯ ನಷ್ಟವೂ ಮೀರದು. ‘ಅರ್ಧಕ್ಕೇ ಬಿಟ್ಟು ಹೋದ್ರೆ’ ಎಂಬ ಆ ತಾಯಿಯ ಆಕ್ಷೇಪಕ್ಕೆ ಯಾವ ಸವಿಮಾತಿಗಿಂತಲೂ ಈ ಏರ್ಪಾಡೇ ತಕ್ಕ ಸಮಾಧಾನ.

ಕರಾರಿಗೆ ಬೆನ್ನೆಲುಬಾಗಿ ಕಾನೂನೂ ಇದೆ. 1872ರ ಒಪ್ಪಂದಗಳ ಅಧಿನಿಯಮದ 74ನೆಯ ಪ್ರಕರಣದಂತೆ, ತಪ್ಪಿದವನು ಇಷ್ಟು ತೆರಬೇಕೆಂದು ಮೊದಲೇ ಬರೆದುಕೊಂಡಿದ್ದರೆ ನ್ಯಾಯಾಲಯವು ಆ ಮೊತ್ತವನ್ನು ಮೀರದಂತೆ ಯುಕ್ತವಾದ ಪರಿಹಾರವನ್ನು ಕೊಡಿಸಬಹುದು. ಅಪನಂಬಿಕೆಯು ಒಂದೇ ದಿಕ್ಕಿನದಲ್ಲವೆಂಬುದನ್ನೂ ಶಾಸನ ಗುರುತಿಸಿದೆ: ಕಿರು ಹಾಗೂ ಸಣ್ಣ ಉದ್ಯಮಗಳಿಗೆ ಸಂಬಂಧಿಸಿದ 2006ರ ಅಧಿನಿಯಮವು, ನೋಂದಣಿ ಮಾಡಿಸಿಕೊಂಡ ಅಂಥ ಉದ್ಯಮಕ್ಕೆ ಸಲ್ಲತಕ್ಕ ಹಣವನ್ನು, ಎಂಥ ಒಪ್ಪಂದವಿದ್ದರೂ, ನಲವತ್ತೈದು ದಿನಗಳೊಳಗೆ ಕೊಡಬೇಕೆಂದೂ, ತಪ್ಪಿದರೆ ಬ್ಯಾಂಕ್ ದರದ ಮೂರರಷ್ಟು ಚಕ್ರಬಡ್ಡಿ ತೆರಬೇಕೆಂದೂ ವಿಧಿಸುತ್ತದೆ. ‘ಮುಂಗಡ ಯಾಕೆ ಕೊಡಬೇಕು?’ ಎನ್ನುವ ಗಿರಾಕಿಗೆ, ತನ್ನ ಭಯದ ಪ್ರತಿಬಿಂಬವೇ ಎದುರಿಗಿರುವವನ ಕಣ್ಣಿನಲ್ಲಿಯೂ ಇದೆಯೆಂದು ತಿಳಿಸಿ ಹೇಳುವುದು ಅವಿನಯವಲ್ಲ.

ಕೇಳಿಸಿಕೊಳ್ಳುವವರು

ಇನ್ನೊಂದು ಪಂಥದವರು ಮಾತಿಗಿಂತ ಮೌನಕ್ಕೆ ಹೆಚ್ಚಿನ ಬೆಲೆ ಕೊಡುವರು. ತನ್ನ ಆಯ್ಕೆಯ ಸ್ವಾತಂತ್ರ್ಯಕ್ಕೆ ಕುಂದು ಬರುವುದೆಂದು ತೋರಿದೊಡನೆ ಮನುಷ್ಯನು ಒತ್ತಾಯಿಸಿದ್ದಕ್ಕೆ ವಿರುದ್ಧವಾಗಿಯೇ ವಾಲುವನೆಂದು ಜ್ಯಾಕ್ ಬ್ರೆಮ್ 1966ರಲ್ಲಿ ಪ್ರತಿಪಾದಿಸಿದನು. ಮದ್ಯವ್ಯಸನಿಗಳೊಡನೆ ಮಾತನಾಡುವ ಬಗೆಯನ್ನು ಕುರಿತು 1983ರಲ್ಲಿ ಬರೆದ ವಿಲಿಯಂ ಮಿಲ್ಲರ್, ಹಟಕ್ಕೆ ಎದುರು ನಿಲ್ಲದೆ ಅದರ ಜೊತೆಗೇ ಸ್ವಲ್ಪ ದೂರ ಸಾಗುವುದು ಲೇಸೆಂದು ಕಂಡನು. ಸಂಧಾನಶಾಸ್ತ್ರದಲ್ಲಿ ಫಿಷರ್ ಮತ್ತು ಯೂರಿ 1981ರಲ್ಲಿ ಮಾಡಿದ ವಿಂಗಡಣೆ ಪ್ರಸಿದ್ಧವಾಗಿದೆ: ಹೇಳುವ ಪಟ್ಟು ಬೇರೆ, ಅದರ ಹಿಂದಿನ ಹಿತ ಬೇರೆ. ಒತ್ತೆಯಾಳುಗಳ ಬಿಡುಗಡೆಗಾಗಿ ಸಂಧಾನ ನಡೆಸುತ್ತಿದ್ದ ಕ್ರಿಸ್ ವಾಸ್, ಎದುರಿನವನ ಭಯವನ್ನು ಹೆಸರಿಟ್ಟು ಹೇಳಿಬಿಡಬೇಕೆಂದು 2016ರಲ್ಲಿ ಬೋಧಿಸಿದನು.

ನನ್ನ ಅನುಭವದಲ್ಲಿ ಇವರ ಮಾರ್ಗವು ಹೊರಗಿನ ಆಕ್ಷೇಪದಿಂದ ಒಳಗಿನ ಆಕ್ಷೇಪದ ಬಳಿಗೆ ಕೊಂಡೊಯ್ಯುವ ಅತ್ಯುತ್ತಮ ದಾರಿ. ‘ಯೋಚನೆ ಮಾಡಿ ಹೇಳ್ತೀವಿ’ ಎಂದ ಗಿರಾಕಿಯನ್ನು ‘ಯಾವ ವಿಷಯ ಸರಿಹೋಗಲಿಲ್ಲ, ಸಾರ್?’ ಎಂದು ಸಾವಧಾನವಾಗಿ ಕೇಳಿ ಸುಮ್ಮನೆ ಕುಳಿತರೆ, ಹತ್ತರಲ್ಲಿ ಆರು ಸಲವಾದರೂ ನಿಜವಾದ ಕಾರಣ ಹೊರಬೀಳುತ್ತದೆ. ಆದರೆ ಭಯಕ್ಕೆ ಹೆಸರಿಟ್ಟುದರಿಂದ ಭಯ ಕಾಣಿಸಿಕೊಳ್ಳುವುದೇ ಹೊರತು ಕರಗುವುದಿಲ್ಲ. ಕೇಳಿಸಿಕೊಂಡವನು ಆಮೇಲೆ ಏನನ್ನಾದರೂ ತನ್ನ ತಲೆಯ ಮೇಲೆ ಹೊತ್ತುಕೊಳ್ಳಬೇಕು. ಅದನ್ನು ಮಾಡದ ಆಲಿಕೆಯು ಒಂದು ತಂತ್ರವಾಗಿ ಇಳಿದುಹೋಗುತ್ತದೆ, ಮತ್ತು ಜನರು ತಂತ್ರವನ್ನು ಬೇಗ ಗುರುತಿಸುತ್ತಾರೆ.

ವೈದ್ಯನಂತೆ ನಡೆಯಬೇಕೆನ್ನುವವರು

ರೋಗಿಯನ್ನು ಪರೀಕ್ಷಿಸದೆ ಔಷಧ ಬರೆಯದ ವೈದ್ಯನಂತೆ, ಗುತ್ತಿಗೆಯವನೂ ಮೊದಲು ರೋಗನಿದಾನ ಮಾಡಿ, ಆಮೇಲೆ ಮದ್ದನ್ನು ಹೇಳಿ, ಒಪ್ಪದವರನ್ನು ಸಮಾಧಾನದಿಂದ ಕಳುಹಿಸಿಕೊಡಬೇಕೆಂಬುದು ಐದನೆಯ ಪಂಥ. ಡೇವಿಡ್ ಮೈಸ್ಟರ್ ಮೊದಲಾದ ಮೂವರು 2000ದಲ್ಲಿ ಬರೆದಂತೆ, ನಂಬಿಕೆಯೆಂದರೆ ಜ್ಞಾನದ ಪ್ರಾಮಾಣ್ಯ, ನುಡಿದಂತೆ ನಡೆಯುವಿಕೆ, ಆತ್ಮೀಯತೆ ಈ ಮೂರರ ಮೊತ್ತವನ್ನು ಸ್ವಾರ್ಥದಿಂದ ಭಾಗಿಸಿದುದು. ಭಾಜಕ ದೊಡ್ಡದಾದಷ್ಟೂ ಉಳಿದ ಗುಣಗಳು ನಿಷ್ಫಲ. ಈ ಪಂಥದ ಉಗ್ರಶಾಖೆಯವನಾದ ಬ್ಲೇರ್ ಎನ್ಸ್, ಕೆಲಸ ಸಿಗುವ ಮೊದಲೇ ಬುದ್ಧಿಯನ್ನು ಪುಕ್ಕಟೆಯಾಗಿ ಹಂಚಬಾರದೆಂದು 2010ರಲ್ಲಿ ಘೋಷಿಸಿದನು. ‘ಮೊದಲು ಒಂದು ಸ್ಯಾಂಪಲ್ ಮಾಡಿ ತೋರಿಸಿ, ಇಷ್ಟವಾದರೆ ನೋಡೋಣ’ ಎಂಬ ಆಕ್ಷೇಪವನ್ನು ಅಮೆರಿಕದ ವಿನ್ಯಾಸಗಾರರ ಸಂಘವೂ ಬಹುಕಾಲದಿಂದ ವಿರೋಧಿಸುತ್ತ ಬಂದಿದೆ.

ಸ್ವಾಭಿಮಾನವುಳ್ಳ ಈ ಮತವು ನನಗೆ ಪ್ರಿಯವಾದುದು. ಆದರೂ, ಹೆಸರು ಬಂದವನಿಗೂ ತಿಂಗಳ ಬಾಡಿಗೆ ಭದ್ರವಾಗಿರುವವನಿಗೂ ಸುಲಭವಾದ ನಿರಾಕರಣೆಯು, ಮೊದಲ ಮೂರು ಗಿರಾಕಿಗಳನ್ನು ಹುಡುಕುತ್ತಿರುವ ಇಪ್ಪತ್ತೈದರ ತರುಣಿಗೆ ಹೇಗೆ ಸಾಧ್ಯವೆಂಬುದನ್ನು ಇವರು ತೃಪ್ತಿಕರವಾಗಿ ಹೇಳಿಲ್ಲ. ಸಣ್ಣದೊಂದು ಭಾಗವನ್ನು ಸಣ್ಣ ಸಂಭಾವನೆಗೆ ಮಾಡಿಕೊಡುವ ಮಧ್ಯಮ ಮಾರ್ಗವು ಅನುವಾದಕರಲ್ಲಿ ರೂಢಿಯಲ್ಲಿದೆ. ಅದು ಇಬ್ಬರ ಮಾನವನ್ನೂ ಕಾಯುತ್ತದೆ.

ನಮ್ಮ ಬೀದಿಯ ಚೌಕಾಸಿ

ಮೇಲಣ ಪಂಥಗಳೆಲ್ಲವೂ ಬಹುಮಟ್ಟಿಗೆ ಪಶ್ಚಿಮದ ಕಚೇರಿಗಳಲ್ಲಿ ಬೆಳೆದವು. ನಮ್ಮಲ್ಲಿ ಚೌಕಾಸಿಯೆಂಬುದು ಎಲ್ಲ ಸಂದರ್ಭದಲ್ಲಿಯೂ ಆಕ್ಷೇಪವಲ್ಲ. ಪರಿಚಯ ಬೆಳೆಸುವ ಒಂದು ಸಂಪ್ರದಾಯವೂ ಹೌದು. ಕೇಳುವುದು ಗಿರಾಕಿಯ ಧರ್ಮ, ಸ್ವಲ್ಪ ಇಳಿಸುವುದು ಕಸುಬುದಾರನ ಸೌಜನ್ಯ, ಒಂದು ಲೋಟ ಕಾಫಿಯ ಮೇಲೆ ಇಬ್ಬರೂ ಮುಖವುಳಿಸಿಕೊಂಡು ಏಳುವುದು ಪದ್ಧತಿ. ಇದನ್ನರಿತ ಮೇಸ್ತ್ರಿಯು ಇಳಿಸಲೆಂದೇ ಮೊದಲು ಏರಿಸಿ ಹೇಳುತ್ತಾನೆ. ಲೆಕ್ಕ ಹಾಕಿ ಒಂದೇ ದರ ಹೇಳುವ ಸತ್ಯವಂತನು ಹಟಮಾರಿಯೆನಿಸಿಕೊಂಡು ಕೆಲಸ ಕಳೆದುಕೊಳ್ಳುತ್ತಾನೆ. ದರ ಇಳಿಸುವುದಕ್ಕೆ ಪ್ರತಿಯಾಗಿ ಕೆಲಸದಲ್ಲಿಯೂ ಏನನ್ನಾದರೂ ಇಳಿಸುವುದು, ‘ಅಷ್ಟಕ್ಕೇ ಬೇಕಾದರೆ ಗ್ರಾನೈಟಿನ ಬದಲು ಟೈಲ್ಸ್ ಹಾಕೋಣ’ ಎನ್ನುವುದು, ಈ ಇಕ್ಕಟ್ಟಿನಿಂದ ಪಾರಾಗುವ ಪ್ರಾಮಾಣಿಕವಾದ ಉಪಾಯವೆಂದು ಅನುಭವಸ್ಥರು ಹೇಳುವರು. ಸಂಪ್ರದಾಯಕ್ಕೂ ಮರ್ಯಾದೆ ಸಂದಿತು, ಲೆಕ್ಕಕ್ಕೂ ಮೋಸವಾಗಲಿಲ್ಲ.

2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಬಂದ ಮೇಲೆ ಹೊಸದೊಂದು ಆಕ್ಷೇಪ ಸೇರಿಕೊಂಡಿದೆ. ಸೇವೆಯ ವಾರ್ಷಿಕ ವಹಿವಾಟು ಇಪ್ಪತ್ತು ಲಕ್ಷವನ್ನು ದಾಟಿ ನೋಂದಣಿ ಮಾಡಿಸಿಕೊಂಡವನು ಬಿಲ್ಲಿನ ಮೇಲೆ ತೆರಿಗೆ ಸೇರಿಸಿದೊಡನೆ, ‘ಬಿಲ್ಲು ಬೇಡ ಬಿಡಿ, ಹಾಗೇ ಮಾಡಿಕೊಡಿ’ ಎಂಬ ಮಾತು ಬರುತ್ತದೆ. ಬಿಲ್ಲಿಲ್ಲದ ಕೆಲಸಕ್ಕೆ ಹೊಣೆಯೂ ಇಲ್ಲ, ಮುಂದೆ ದೋಷ ಕಂಡರೆ ಹಿಡಿದು ಕೇಳಲು ಆಧಾರವೂ ಇಲ್ಲವೆಂಬುದನ್ನು ಗಿರಾಕಿಗೆ ತಿಳಿಯಹೇಳುವುದೇ ಇದಕ್ಕೆ ಉತ್ತರ.

ಬೆಂಗಳೂರಿನಲ್ಲಿ ಕುಳಿತು ದೂರದೇಶದವರಿಗೆ ಪ್ರೋಗ್ರಾಮು ಬರೆದುಕೊಡುವವರನ್ನು ಬಾಧಿಸುವ ಆಕ್ಷೇಪಗಳು ಬೇರೆ ಬಗೆಯವು: ‘ನೀವೊಬ್ಬರೇ, ನಾಳೆ ನಿಮಗೇನಾದರೂ ಆದರೆ?’ ಮತ್ತು ‘ಬರೆದದ್ದರ ಒಡೆತನ ಯಾರದು?’ ಮೊದಲನೆಯದಕ್ಕೆ, ಬರೆದುದೆಲ್ಲವನ್ನೂ ಮೊದಲ ದಿನದಿಂದಲೇ ಗಿರಾಕಿಯ ಭಂಡಾರದಲ್ಲಿ ಇಡುವುದು, ಬೇರೊಬ್ಬನು ಓದಿ ಮುಂದುವರಿಸುವಂತೆ ಟಿಪ್ಪಣಿ ಬರೆಯುವುದು ಪರಿಹಾರ. ಎರಡನೆಯದು ಮೇಲುನೋಟಕ್ಕೆ ಅನಗತ್ಯವೆನಿಸಿದರೂ ನ್ಯಾಯವಾದ ಆಕ್ಷೇಪ. ನಮ್ಮ 1957ರ ಕೃತಿಸ್ವಾಮ್ಯ ಅಧಿನಿಯಮದ ಪ್ರಕಾರ, ಸಂಬಳದ ನೌಕರನು ಬರೆದುದಕ್ಕೆ ಸಾಮಾನ್ಯವಾಗಿ ಯಜಮಾನನೇ ಮೊದಲ ಒಡೆಯನಾದರೂ, ಸ್ವತಂತ್ರನಾಗಿ ಬರೆದವನ ಹಕ್ಕು ಲಿಖಿತವಾದ ವರ್ಗಾವಣೆಯಿಲ್ಲದೆ ಗಿರಾಕಿಗೆ ಹೋಗುವುದಿಲ್ಲ. ವರ್ಗಾವಣೆಯ ಪತ್ರದಲ್ಲಿ ಅವಧಿಯನ್ನು ಬರೆಯದಿದ್ದರೆ ಐದು ವರ್ಷವೆಂದೂ, ಪ್ರದೇಶವನ್ನು ಬರೆಯದಿದ್ದರೆ ಭಾರತವಷ್ಟೇ ಎಂದೂ ಎಣಿಸತಕ್ಕದ್ದು. ಇದನ್ನು ಗಿರಾಕಿಗಿಂತ ಮೊದಲು ತಾನೇ ಎತ್ತಿ ಹೇಳುವ ಕಸುಬುದಾರನನ್ನು ಯಾರು ತಾನೆ ನಂಬರು!

ಇವುಗಳ ನಡುವೆ ಆಕ್ಷೇಪದ ವೇಷ ಹಾಕಿ ಬರುವ ಇನ್ನೊಂದು ಸಂಗತಿಯುಂಟು. ‘ಮದುವೆಯಾದ ಮೇಲೂ ಕೆಲಸ ಮಾಡ್ತೀಯಾ ಅಮ್ಮಾ?’ ‘ನಿಮ್ಮದು ಯಾವ ಕಡೆ, ಯಾವ ಜನ?’ ಇಂಥ ಪ್ರಶ್ನೆಗಳಿಗೆ ಉತ್ತರಿಸುವ ಕಲೆಯನ್ನು ಯಾವ ಪಂಥವೂ ಹೇಳಿಕೊಡುವುದಿಲ್ಲ, ಏಕೆಂದರೆ ಅಲ್ಲಿ ಶಂಕಿಸಲಾಗುತ್ತಿರುವುದು ಕೆಲಸವಲ್ಲ. ಅವಕ್ಕೆ ಕರಾರಿನಲ್ಲಿ ಸ್ಥಳವಿಲ್ಲ. ಉತ್ತರಿಸುವ ಹೊಣೆಯೂ ಕಸುಬುದಾರನದಲ್ಲ.

ಇನ್ನೂ ತೀರದ ಪ್ರಶ್ನೆಗಳು

ಬಾಯಿಂದ ಬಂದ ಆಕ್ಷೇಪ ನಿಜವೋ ಮುಸುಕೋ ಎಂಬ ವಿಷಯದಲ್ಲಿ ಪಂಡಿತರು ಏಕಾಭಿಪ್ರಾಯಕ್ಕೆ ಬಂದಿಲ್ಲ. ಎಲ್ಲ ‘ಜಾಸ್ತಿಯಾಯಿತು’ಗಳ ಹಿಂದೆಯೂ ಭಯವನ್ನೇ ಹುಡುಕುವ ನನ್ನಂಥವರು, ನಿಜವಾಗಿಯೇ ಹಣವಿಲ್ಲದವನ ಮಾತನ್ನು ಕೇಳದೆ ಹೋಗುವ ಅಪಾಯವಿದೆ. ದೊಡ್ಡ ವ್ಯಾಪಾರಕ್ಕೂ ಸಣ್ಣ ವ್ಯಾಪಾರಕ್ಕೂ ನಿಯಮಗಳು ಬೇರೆಯೆಂದು ರಾಕ್‌ಹ್ಯಾಮನೇ ಹೇಳಿರುವಾಗ, ಒಬ್ಬ ಬಡಗಿಯ ಮೂರು ದಿನದ ಕೆಲಸವು ಯಾವ ಪಂಕ್ತಿಗೆ ಸೇರುತ್ತದೆ? ಕೆಲಸವು ಅವನಿಗೆ ದೊಡ್ಡದು, ಮನೆಯವರಿಗೆ ಚಿಕ್ಕದು. ಜಾಲತಾಣದ ಮಧ್ಯವರ್ತಿಗಳು ಹಣವನ್ನು ತಮ್ಮಲ್ಲಿ ಠೇವಣಿಯಿಟ್ಟು, ಹಿಂದಿನ ಗಿರಾಕಿಗಳ ಅಂಕಗಳನ್ನು ಎದುರಿಗೆ ತೋರಿಸುವ ಏರ್ಪಾಡು ಬಂದ ಮೇಲೆ, ಹಳೆಯ ಸಂಶಯಗಳಲ್ಲಿ ಕೆಲವು ತೀರಿದುವು. ಆದರೆ ಇನ್ನೂ ಒಂದು ಅಂಕವೂ ಇಲ್ಲದ ಹೊಸಬನು ಆ ಬಾಗಿಲನ್ನು ಹೇಗೆ ದಾಟಬೇಕು? ದಿನದ ಲೆಕ್ಕದ ಕೂಲಿಯೋ ಇಡೀ ಕೆಲಸದ ಗುತ್ತಿಗೆಯೋ ಎಂಬ ವಿವಾದವೂ ಬಗೆಹರಿದಿಲ್ಲ. ಮೊದಲನೆಯದರಲ್ಲಿ ನಿಧಾನದ ಆಕ್ಷೇಪ, ಎರಡನೆಯದರಲ್ಲಿ ಅವಸರದ ಆಕ್ಷೇಪ. ಮತ್ತು, ಹಿಂಜರಿಯುವವನನ್ನು ಒಪ್ಪಿಸುವುದು ಯಾವ ಮಿತಿಯವರೆಗೆ ಧರ್ಮ, ಎಲ್ಲಿಂದಾಚೆಗೆ ಅವನ ವಿವೇಕಕ್ಕೆ ಮಾಡುವ ಅಪಚಾರ?

ಎಲ್ಲಕ್ಕಿಂತಲೂ ಬಿಡಿಸಲಾರದ ಗಂಟು, ಇಬ್ಬರಿಗೂ ಗೊತ್ತಿಲ್ಲದ ಸಂಗತಿಯ ಭಾರ ಯಾರದೆಂಬುದು. ಒಬ್ಬನಿಗೆ ಗೊತ್ತಿದ್ದು ಇನ್ನೊಬ್ಬನಿಗೆ ಗೊತ್ತಿಲ್ಲದಿದ್ದರೆ ಕರಾರು ಅದನ್ನು ಸರಿದೂಗಿಸಬಲ್ಲದು. ಭೂಮಿಯೊಳಗೆ ಏನಿದೆಯೆಂದು ಯಾರಿಗೂ ತಿಳಿಯದು. ಮೈಸೂರಿನ ಆ ಮೇಸ್ತ್ರಿಯ ಹಾಳೆಯ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಒಂದು ಸಾಲು ಬರೆದಿತ್ತು: ಪಾಯ ತೋಡುವಾಗ ಬಂಡೆ ಸಿಕ್ಕರೆ ಅದರ ಲೆಕ್ಕ ಬೇರೆ. ಕಂತುಗಳ ವಿಷಯವೂ, ಸೋರಿಕೆಗೆ ಹಿಡಿದಿಡುವ ಹಣದ ವಿಷಯವೂ ಇತ್ಯರ್ಥವಾದ ಮೇಲೆ ಆಕೆ ಹಾಳೆಯನ್ನು ಮಗುಚಿ ಆ ಸಾಲನ್ನು ಎರಡು ಸಲ ಓದಿ, “ನೆಲ ನನ್ನದು ಸರಿ, ಬಂಡೆ ಇಟ್ಟೋಳು ನಾನಲ್ವಲ್ಲಪ್ಪ” ಎಂದರು. “ನಾನೂ ಅಲ್ಲ ಅಮ್ಮಾವ್ರೆ” ಎಂದನು ಮೇಸ್ತ್ರಿ. ಅಂದು ಆ ಒಂದು ಸಾಲಿನ ಮೇಲೆ ಒಪ್ಪಂದವಾಗಲಿಲ್ಲ. ಹಾಳೆಯನ್ನು ಮಡಿಸಿ, ಮಗನನ್ನು ಕೇಳಿ ಹೇಳುವೆನೆಂದು ಆಕೆ ಮನೆಗೆ ಹೊರಟರು.